ಹಲ್ಲು ಮುರಿದ ಕ್ಯಾಸೆಟ್ಟು

ಅವನು ಸತ್ತ ಅಂತ ಪಾಂಡವಪುರದ ಬಸ್ ಸ್ಟ್ಯಾಂಡಲ್ಲಿ ಬಾಳೆಹಣ್ಣು ಮಾರೋಳು ಹೇಳಿದ್ಲು. ಯಾವಾಗ ಅಂದೆ. ಹೋದ ವಾರ ಅಂದ್ಲು. ಸರಿ ಅಂದೆ. ಮೊಸರಿನ ಗಡಿಗೆ ಇಳಿಸಿ ನನ್ನ ಜಾಗದಲ್ಲಿ ಕೂತೆ. ಅವತ್ತೂ ಮೊಸರು ಮಾಮೂಲಿನಂಗೆ ಖರ್ಚಾಯ್ತು.

ಹೆಸರು ಬರೆಯಲ್ಲ. ಬರೆದ್ರೂ ಗೊತ್ತಾಗೋರು ಕಮ್ಮಿ. ಅವನ್ನ ಎಲ್ಲರೂ ಕರೀತಿದ್ದದ್ದು "ನಾಳೆ ಬಾ" ಅಂತ. ರೇಡಿಯೋ, ಟೇಪು, ಟಿವಿ ರಿಪೇರಿ ಮಾಡ್ತಿದ್ದ. ಅಂಗಡಿ ಅಂದ್ರೆ ಒಂದು ಮೇಜು, ಒಂದು ಸ್ಟೂಲು, ಮಿಕ್ಕ ಜಾಗವೆಲ್ಲ ಬಾಯಿ ಬಿಟ್ಕೊಂಡು ಬಿದ್ದಿರೋ ಡಬ್ಬಗಳು. ಆ ಅಂಗಡಿ ಸೂರಿನ ಕೆಳಗೆ ನಾನು ಮೊಸರು ಮಜ್ಜಿಗೆ ಮಾರ್ತಿದ್ದೆ.

ಆಗ ಒಂದು ದೆವ್ವದ ಸುದ್ದಿ ಹಬ್ಬಿತ್ತು. ಬಾಗಿಲು ತಟ್ಟಿ ಹೆಸರು ಹಿಡಿದು ಕೂಗ್ತದೆ, ಓಗೊಟ್ರೆ ಸತ್ತಂಗೆ ಅಂತ. ಊರೂರಲ್ಲೂ ಜನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರ್ಕೊಂಡ್ರು. ದೆವ್ವ ಬಂದು ಓದ್ಕೊಂಡು ವಾಪಸ್ ಹೋಗ್ತದಂತೆ, ಮಾರನೇ ದಿನ ಬಂದು ಮತ್ತೆ ಓದ್ತದಂತೆ. ಇವನೂ ಅಂಗಡಿ ಬಾಗಿಲ ಮೇಲೆ ಬರೆದ. ದೆವ್ವದ ಸುದ್ದಿ ತಣ್ಣಗಾದ ಮೇಲೆ ಎಲ್ಲರೂ ಅಳಿಸಿದ್ರು. ಇವನು ಅಳಿಸಲಿಲ್ಲ.

"ಯಾಕಯ್ಯ, ಇನ್ನೂ ದೆವ್ವ ಬತ್ತದಾ?" ಅಂದೆ.

"ದೆವ್ವಕ್ಕಲ್ಲ ಕಣಮ್ಮ, ಗಿರಾಕಿಗೆ" ಅಂದ.

ದೆವ್ವವೇ ವಾಸಿ. ಓದ್ಕೊಂಡು ಸುಮ್ನೆ ಹೋಗ್ತಿತ್ತು. ಗಿರಾಕಿಗಳು ಅವನ ವಂಶವನ್ನೆಲ್ಲ ಬೈದು ಹೋಗ್ತಿದ್ರು.

ಮೇಲುಕೋಟೆಯೋನು. ದೇವಸ್ಥಾನದ ಮನೆತನ. ಅಣ್ಣ ತಮ್ಮಂದಿರು ಮಂತ್ರ ಹೇಳ್ಕೊಂಡು ಮೇಲೇ ಉಳಿದ್ರು, ಇವನು ಬೆಟ್ಟ ಇಳಿದು ಬಂದು ಡಬ್ಬ ಬಿಚ್ಚೋಕೆ ಕೂತ. ಯಾಕೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಇದ್ದು ಇದ್ದು ನಮ್ಮ ಮಾತು ಕಲಿತಿದ್ದ. ಬೈಯೋದು ನಮ್ಮ ಮಾತಲ್ಲಿ, ವಿವರಿಸೋದು ಅವರ ಮನೆ ಮಾತಲ್ಲಿ. ಕೋಪ ಬಂದು ವಿವರಿಸೋಕೆ ಶುರು ಮಾಡಿದ್ರೆ ಎರಡೂ ಕಲಸ್ಕೊಂಡು ಮುದ್ದೆ ಆಗ್ತಿತ್ತು.

ನನ್ನ ಕೈಯಿಂದ ನೀರು ಕುಡೀತಿರಲಿಲ್ಲ. ಬೇಸಿಗೇಲಿ ಸೂರಿನ ತಗಡು ಕಾದು ಅವನ ಮುಖ ಬೆಂದ ಗೆಣಸಿನಂಗೆ ಆಗಿರ್ತಿತ್ತು. ಮಜ್ಜಿಗೆ ಕೊಡ್ಲಾ ಅಂದ್ರೆ "ಈಗ್ತಾನೆ ಕುಡ್ದೆ" ಅನ್ನೋನು. ನೀರು ಕೊಡ್ಲಾ ಅಂದ್ರೂ ಅದೇ. ಕುಡಿದದ್ದು ನಾನು ಯಾವತ್ತೂ ನೋಡಲಿಲ್ಲ. ನಾನೂ ಕೇಳೋದು ಬಿಡಲಿಲ್ಲ, ಅವನೂ ಹೇಳೋದು ಬಿಡಲಿಲ್ಲ. ಬೇಜಾರೇನಿಲ್ಲ. ಅವರ ಮನೆಯೋರು ಅಂಗೆ ಬೆಳೆಸಿದ್ರು, ಅವನು ಅಂಗೆ ಇದ್ದ.

ರಿಪೇರಿಗಿಂತ ಅದು ಹೆಂಗೆ ಕೆಲಸ ಮಾಡ್ತದೆ ಅಂತ ಹೇಳೋದೇ ಅವನಿಗೆ ಹೆಚ್ಚು. ಕೇಳಿದ್ರೂ ಹೇಳೋನು, ಕೇಳದೇ ಇದ್ರೂ ಹೇಳೋನು. ಬಸ್ಸಿಗೆ ಹೊತ್ತಾಯ್ತು ಅಂದ್ರೆ "ಬಸ್ಸು ಇನ್ನೊಂದು ಬತ್ತದೆ ಕೂತ್ಕಳ್ಳಲಾ, ಬುದ್ಧಿ ಬರಲ್ಲ" ಅನ್ನೋನು. ಅವನ ದೆಸೆಯಿಂದ ಬಸ್ಸು ತಪ್ಪಿದೋರು ನನ್ನ ಹತ್ರ ಮಜ್ಜಿಗೆ ಕುಡೀತಿದ್ರು. ನನಗೆ ಅದರಿಂದ ನಷ್ಟ ಇಲ್ಲ.

ಒಂದು ಸಲ ಟಿವಿ ಬೆನ್ನು ಬಿಚ್ಚಿ ನನ್ನ ಕರೆದ. ಒಳಗೆ ಗಾಜಿನ ದೊಡ್ಡ ಬುರುಡೆ, ಅದಕ್ಕೆ ಹಿಂದೆ ಸಣ್ಣ ಕತ್ತು.

"ಈ ಕತ್ತಿನಿಂದ ಒಂದು ಚುಕ್ಕಿ ಹೊರಡುತ್ತೆ. ಒಂದೇ ಒಂದು. ಗಾಜಿನ ಮೇಲೆ ಈ ಕಡೆಯಿಂದ ಆ ಕಡೆಗೆ ಸಾಲು ಹೊಡೀತಾ ಮೇಲಿಂದ ಕೆಳಗಿನ ತನಕ ಬರುತ್ತೆ. ನೀವು ಹೊಲ ಉಳೋದಿಲ್ವೇ, ಹಾಗೆ. ಬೆಳಕು ಬೇಕಾದ ಕಡೆ ಒತ್ತಿ ಉಳುತ್ತೆ, ಕತ್ತಲು ಬೇಕಾದ ಕಡೆ ತೇಲಿಸಿ ಹೋಗುತ್ತೆ. ಮುಗೀತು ಅಂದ್ರೆ ಮತ್ತೆ ಮೇಲಿಂದ. ನಮ್ಮ ಕಣ್ಣು ಮಂದ. ನೇಗಿಲು ಕಾಣಲ್ಲ, ಹೊಲ ಕಾಣುತ್ತೆ."

"ಅಂಗಾರೆ ಅಲ್ಲಿ ಕುಣೀತಾಳಲ್ಲ, ಆ ಹೆಂಗ್ಸು ಅಲ್ಲಿಲ್ವಾ?"

"ಇಲ್ಲ. ಚುಕ್ಕಿ ಉಳ್ತಾ ಅದೆ, ಅಷ್ಟೆ."

"ಒಂಟೆತ್ತಿನ ಆರಂಬ ಅನ್ನು" ಅಂದೆ. ಅವತ್ತು ನಕ್ಕ. ಆಮೇಲೆ ಯಾರಿಗೆ ಟಿವಿ ವಿವರಿಸಿದ್ರೂ "ಒಂಟೆತ್ತಿನ ಆರಂಬ" ಅಂತ್ಲೇ ಹೇಳೋನು. ನಾನು ಹೇಳಿದ್ದು ಅಂತ ಮಾತ್ರ ಹೇಳ್ತಿರಲಿಲ್ಲ.

ಆಯುಧಪೂಜೆ ಮುಗಿದ ವಾರ ಅವನನ್ನ ಮಾತಾಡಿಸೋ ಹಂಗಿರಲಿಲ್ಲ. ಜನ ರೇಡಿಯೋ, ಟೇಪಿಗೆಲ್ಲ ಗಂಧ ಬಳಿದು ಕುಂಕುಮ ಎರಚಿ ಹೂವು ಸಿಕ್ಕಿಸ್ತಿದ್ರು. ಕುಂಕುಮ ಒಳಗಿಳಿದು ಚಕ್ರ ಕಚ್ಕೊಳ್ತಿತ್ತು. "ದೇವ್ರಿಗೆ ಇಕ್ರಲಾ ಕುಂಕುಮವ, ಮೋಟ್ರು ಏನು ಮುತ್ತೈದೆನೇ?" ಅಂತ ಕೂಗಾಡ್ತಿದ್ದ. ಮಾಕವಳ್ಳಿ ಕಡೆಯೋನೊಬ್ಬ ಒಂದ್ಸಲ ಹೊಸ ಟಿವಿಗೆ ದುಪ್ಪಟಿ ಸುತ್ತಿ ಟೆಂಪೋದಲ್ಲಿ ಹೊತ್ಕೊಂಡು ಬಂದ. ಟಿವಿ ಚೆನ್ನಾಗದೆ, ರಿಮೋಟು ಕೆಲಸ ಮಾಡ್ತಿಲ್ಲ ಅಂತ. ಇವನು ದುಪ್ಪಟಿ ಸರಿಸಿ ನೋಡಿದ. ಟಿವಿಯ ಕೆಳಗಡೆ ಒಂದು ಸಣ್ಣ ಕಪ್ಪು ಗಾಜು ಇರ್ತದಲ್ಲ, ಸರಿಯಾಗಿ ಅದರ ಮೇಲೆ ಅಗಲವಾದ ಕುಂಕುಮದ ಬೊಟ್ಟು.

"ಇದು ಇದರ ಕಣ್ಣು ಕಣ್ಲಾ! ರಿಮೋಟಿಂದ ಬೆಳಕು ಬರೋದು, ನಮ್ಮ ಕಣ್ಣಿಗೆ ಕಾಣದೇ ಇರೋ ಬೆಳಕು. ಅದನ್ನ ನೋಡೋಕೆ ಇಟ್ಟಿರೋ ಕಣ್ಣಿಗೇ ಬೊಟ್ಟು ಇಕ್ಕಿದ್ದೀಯಲ್ಲ!"

"ಹಣೆ ಅಂದ್ಕಂಡೆ ಸ್ವಾಮಿ" ಅಂದ ಆ ಮನುಷ್ಯ.

ಇವನು ಹೆಬ್ಬೆರಳಲ್ಲಿ ಕುಂಕುಮ ಒರೆಸಿದ. ಟಿವಿಗೆ ಕರೆಂಟು ಕೊಟ್ಟು, ಅದಕ್ಕೆ ಬೆನ್ನು ಹಾಕಿ ನಿಂತು, ಎದುರಿನ ಸುಣ್ಣದ ಗೋಡೆಗೆ ರಿಮೋಟು ತೋರಿಸಿ ಗುಂಡಿ ಒತ್ತಿದ. ಬೆಳಕು ಗೋಡೆಗೆ ಬಡಿದು ವಾಪಸ್ ಬಂದು ಟಿವಿ ಹತ್ಕೊಂಡ್ತು. ಬೆಳಕೇ ಅಂತ ರುಜು ಮಾಡೋಕೆ ಅಂಗೆ ಮಾಡಿದ್ದು. ಅಷ್ಟಕ್ಕೆ ಬಿಡದೇ ನೆರಳಿಂದ ಶುರು ಮಾಡಿ ಬೆಳಕಿನ ವಿಚಾರವೆಲ್ಲ ಹೇಳಿದ. ಟೆಂಪೋದೋನು ಹಾರನ್ ಹೊಡೆದು ಹೊಡೆದು ಸಾಕಾಗಿ ಇಳಿದು ಬಂದು ಅವನೂ ಕೇಳಿಸ್ಕೊಂಡು ನಿಂತ.

ಇನ್ನು ಟೇಪು. ಅದರ ವಿಚಾರವೇ ನಾನು ಬರೀಬೇಕಾದ್ದು.

"ಈ ರಿಬ್ಬನ್ನಿನ ಮೈಗೆ ಏನು ಬಳಿದವ್ರೆ ಗೊತ್ತಾ? ತುಕ್ಕು. ಕಬ್ಬಿಣದ ತುಕ್ಕು" ಅನ್ನೋನು. "ಒಂದೊಂದು ಕಣವೂ ಸಣ್ಣ ಅಯಸ್ಕಾಂತ. ದನಿ ಕರೆಂಟಾಗಿ ಬಂದು ಈ ತಲೆಗೆ, ಹೆಡ್ಡು ಅಂತಾರಲ್ಲ, ಇದಕ್ಕೆ ಸೇರುತ್ತೆ. ತಲೆ ಮುಂದೆ ಹಾಯೋವಾಗ ತುಕ್ಕೆಲ್ಲ ಆ ದನಿಗೆ ತಕ್ಕಂಗೆ ತಿರುಗಿ ನಿಲ್ಲುತ್ತೆ. ಗಾಳಿಗೆ ಪೈರು ಬಾಗಿದಂಗೆ. ಗಾಳಿ ಹೋದ್ರೆ ಪೈರು ಏಳ್ತದೆ, ತುಕ್ಕು ಏಳಲ್ಲ. ಬಾಗಿದ್ದು ಬಾಗಿದಂಗೇ. ಆಮೇಲೆ ಅದನ್ನೇ ತಲೆ ಮುಂದೆ ಓಡಿಸಿದ್ರೆ ಬಾಗಿರೋದನ್ನ ಓದಿ ದನಿ ಮಾಡುತ್ತೆ. ನೀವು ಕೇಳೋದು ಹಾಡಲ್ಲ, ತುಕ್ಕು."

ಟೇಪಿಗೆ ಎರಡು ತಲೆ. ರಿಬ್ಬನ್ನು ಮೊದಲು ಹಾಯೋದು ಅಳಿಸೋ ತಲೆ ಮುಂದೆ, ಆಮೇಲೆ ಬರೆಯೋ ತಲೆ ಮುಂದೆ. ದನಿ ಹಿಡಿಯೋ ಕೆಂಪು ಗುಂಡಿ ಒತ್ತಿದ್ರೆ ಎರಡೂ ಏಳ್ತವೆ. ಹಳೇದನ್ನ ಅಳಿಸಿಯೇ ಹೊಸದು ಬರೆಯೋದು. ಕೆಂಪು ಗುಂಡಿ ಒತ್ತದೇ ಇದ್ರೆ ಅಳಿಸೋ ತಲೆ ಮಲಗಿರ್ತದೆ. ಒಂದು ದಿನ ಹೊಸ ಸೊಸೆ ಒಬ್ಬಳು ಕ್ಯಾಸೆಟ್ ತಂದು "ಇದ್ರಲ್ಲಿರೋದ ಅಳಿಸ್ಬೇಕಿತ್ತು" ಅಂದ್ಲು. "ಅಳಿಸೋಕೆ ನಮ್ಮತ್ರ ಯಾಕವ್ವ ಬಂದೆ, ಮನೇಲಿ ಅತ್ತೆ ಇಲ್ವಾ?" ಅಂದ. ಬಸ್ ಸ್ಟ್ಯಾಂಡೆಲ್ಲ ನಗ್ತು. ಆಮೇಲೆ ಯಾವ ಹೆಂಗಸು ಬಂದು ಆ ಮಾತು ಅಂದ್ರೂ ಇವನದು ಅದೇ ಜೋಕು.

ಕ್ಯಾಸೆಟ್ಟಿನ ಬೆನ್ನಲ್ಲಿ ಎರಡು ಕಡೆ ಪ್ಲಾಸ್ಟಿಕ್ಕಿನ ಸಣ್ಣ ತುಣುಕು ಇರ್ತದೆ. ಅದಕ್ಕೆ ಅವನು ಹಲ್ಲು ಅಂತಿದ್ದ. ಆ ಹಲ್ಲು ಮುರಿದ್ರೆ ಅಲ್ಲಿ ತೂತು ಬೀಳ್ತದೆ, ಆಮೇಲೆ ಆ ಕ್ಯಾಸೆಟ್ ಹಾಕಿದ್ರೆ ಕೆಂಪು ಗುಂಡಿ ಕೆಳಕ್ಕೇ ಇಳಿಯಲ್ಲ. "ಹಲ್ಲಿದ್ರೆ ಏನು ಕೊಟ್ರೂ ತಿಂತದೆ. ಹಲ್ಲು ಮುರಿದ್ರೆ ಒಳಗಿರೋದು ಉಳೀತದೆ" ಅನ್ನೋನು. ಸತ್ತೋರ ದನಿ, ಮಕ್ಕಳ ತೊದಲು, ಭಜನೆ, ಯಾರು ಏನು ತಂದ್ರೂ ಮೊದಲು ತಿರುಪುಳಿ ತಗೊಂಡು ಟಕ್ಕಂತ ಹಲ್ಲು ಮುರಿಯೋನು.

ನಮ್ಮಕ್ಕನ ಕ್ಯಾಸೆಟ್ಟಿಗೂ ಅಂಗೇ ಮುರಿದಿದ್ದ.

ಅಕ್ಕನ್ನ ನಾಗಮಂಗಲದ ಕಡೆಗೆ ಕೊಟ್ಟಿತ್ತು. ಸೋಬಾನೆ ಹೇಳೋದರಲ್ಲಿ ಅವಳದು ಎತ್ತಿದ ಕೈ. ಅಲ್ಲಿ ಒಂದು ಮದುವೇಲಿ ಹೆಣ್ಣಿನ ಕಡೆಯೋರು ಟೇಪು ಇಟ್ಟು ಅವಳ ಸೋಬಾನೆ ಹಿಡಿದಿದ್ರು. ಒಂದು ಕ್ಯಾಸೆಟ್ ಅವಳಿಗೂ ಕೊಟ್ರು. ಅದರ ಮುಂದಿನ ಬೇಸಿಗೇಲಿ ಅಕ್ಕ ಹೋದ್ಲು. ಭಾವ ಇನ್ನೊಂದು ಮದುವೆ ಮಾಡ್ಕೊಂಡ. ಮಗಳು ಮಂಜಿ ಬಟ್ಟೆ ಗಂಟಲ್ಲಿ ಆ ಕ್ಯಾಸೆಟ್ ಇಟ್ಕೊಂಡು ನಮ್ಮನೆಗೆ ಬಂದ್ಲು. ಅವಳ ಅವ್ವನದು ಅಂತ ಇದ್ದದ್ದು ಅದೊಂದೇ. ಫೋಟೋ ಕೂಡ ಇರಲಿಲ್ಲ. ಇವನು ಒಂದು ಹಳೇ ಟೇಪು ಸರಿ ಮಾಡಿ ಕೊಟ್ಟ. ವರ್ಷಗಟ್ಟಲೆ ಆ ಹುಡುಗಿ ಅದನ್ನ ಕೇಳ್ತಾ ಬೆಳೆದ್ಲು.

ಪಿತೃಪಕ್ಷ ಬಂತು. ನಮ್ಮಲ್ಲಿ ಸತ್ತೋರಿಗೆ ಎಡೆ ಇಕ್ತೀವಿ. ಅವರು ಉಂಡ ಊಟ, ಉಟ್ಟ ಬಟ್ಟೆ, ಇಷ್ಟಪಟ್ಟ ಸಾಮಾನು ಎಲ್ಲ ಮುಂದಿಡೋದು. ಮಂಜಿ ಆ ವರ್ಷ ಕ್ಯಾಸೆಟ್ಟನ್ನೂ ಇಡ್ತೀನಿ, ಎಡೆ ಮುಂದೆ ಅವ್ವನ ಸೋಬಾನೆ ಹಾಕ್ತೀನಿ ಅಂದ್ಲು. ನಾನು ಹಿತ್ತಲಲ್ಲಿ ದನಕ್ಕೆ ಹುಲ್ಲು ಹಾಕ್ತಿದ್ದೆ. ನಮ್ಮತ್ತೆ ಕ್ಯಾಸೆಟ್ ಕೈಗೆ ತಗೊಂಡು ತಿರುಗಿಸಿ ನೋಡಿತಂತೆ.

"ಇದೇನೇ ಹೆಣ್ಣೇ, ಇಲ್ಲಿ ಮುರ್ದೋಗದೆ. ಭಿನ್ನ ಆದದ್ನ ಎಡೆಗೆ ಇಕ್ತಾರೇನೇ? ನಿಮ್ಮವ್ವ ಬಾಗ್ಲಲ್ಲೇ ನೋಡ್ಬುಟ್ಟು ಒಂಟೋಯ್ತಾಳೆ."

ಒಡೆದ ವಿಗ್ರಹ, ಮುಕ್ಕಾದ ತಟ್ಟೆ ಪೂಜೆಗೆ ಬರಲ್ಲ. ಅದು ಎಲ್ಲರಿಗೂ ಗೊತ್ತಿರೋದೇ. ಮಂಜಿ ಮೇಣದಬತ್ತಿ ಕರಗಿಸಿ ಎರಡು ತೂತಿಗೂ ತುಂಬಿ, ಆರಿದ ಮೇಲೆ ಉಗುರಲ್ಲಿ ನೀಟಾಗಿ ಕೆರೆದು, ಮೇಲೆ ಅರಿಶಿನ ಸವರಿದ್ಲು. ಭಿನ್ನ ಹೋಯ್ತು. ಆಮೇಲೆ ಟೇಪು ಒರೆಸಿ, ಎಡೆ ಮುಂದೆ ಇಟ್ಟು, ಒಂದೊಂದು ಗುಂಡಿಗೂ ಕುಂಕುಮ ಇಟ್ಲು. ಎಲ್ಲಾ ಗುಂಡಿಯೂ ಕೆಂಪು. ಕೈ ಮುಗಿದು ಒಂದು ಗುಂಡಿ ಒತ್ತಿದ್ಲು. ಪಕ್ಕದ್ದೂ ತಾನಾಗೇ ಇಳೀತು.

ನಾನು ಕೈ ತೊಳ್ಕೊಂಡು ಬರೋ ಹೊತ್ತಿಗೆ ಚಕ್ರ ತಿರುಗ್ತಿತ್ತು. ದನಿ ಇಲ್ಲ. ನಾವು ಮೂರು ಜನ ಎಡೆ ಮುಂದೆ ಕೂತು ಕಾದ್ವಿ. ಎಡೆ ಮೇಲಿನ ಮುದ್ದೆ ಆರೋಷ್ಟು ಹೊತ್ತು ಕಾದ್ವಿ. ಆಮೇಲೆ ಮಂಜಿ ಗುಂಡಿ ಒರೆಸಿ ನೋಡಿದ್ಲು. ಒಂದು ಗುಂಡಿ ಒರೆಸಿದ ಮೇಲೂ ಕೆಂಪಾಗೇ ಇತ್ತು.

ಅವಳು ಅಲ್ಲಿಂದ ಏಳಲಿಲ್ಲ. "ಚಿಕ್ಕವ್ವ, ನಮ್ಮವ್ವನ್ನ ನಾನೇ ಕೊಂದೆ" ಅಂದ್ಲು. ಅಷ್ಟೇ ಮಾತು. ಊಟ ಬಿಟ್ಲು. ನಾನು ಮಾರನೇ ದಿನ ಅವಳನ್ನೂ ಟೇಪನ್ನೂ ಬಸ್ಸಿಗೆ ಹತ್ತಿಸಿ ಅಂಗಡಿಗೆ ತಂದೆ.

ಅವನು ಕ್ಯಾಸೆಟ್ ತೆಗೆದು ಬೆನ್ನು ನೋಡಿದ. ಮೇಣ ನೋಡಿದ. ಗುಂಡಿ ಸಂದೀಲಿ ಉಳಿದಿದ್ದ ಕುಂಕುಮ ನೋಡಿದ. ಬೈತಾನೆ ಅಂದ್ಕೊಂಡೆ. ಬೈಲಿಲ್ಲ.

"ವಾಪಸ್ ಬತ್ತದಾ?" ಅಂದ್ಲು ಮಂಜಿ.

"ಇಲ್ಲ ಮಗು. ಅಳಿಸೋ ತಲೆ ಹಾದಿದೆ. ಅಷ್ಟು ಭಾಗ ಹೋಯ್ತು."

"ಸ್ವಲ್ಪಾನಾದ್ರೂ ಅಡೀಲಿ ಉಳ್ದಿರ್ತದೇನೋ ನೋಡಿ."

"ತಲೆ ಕೊಳೆ ಆಗಿದ್ರೆ ಅಡೀಲಿ ಉಳೀತಿತ್ತು. ಹೋದ ತಿಂಗಳು ನಾನೇ ಸ್ಪಿರಿಟ್ ಹಾಕಿ ತಿಕ್ಕಿ ಕೊಟ್ಟಿದ್ದೆ. ಚೆನ್ನಾಗಿ ಅಳಿಸಿದೆ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮಂಜಿ ಮೇಜಿನ ಮೇಲೆ ತಲೆ ಇಟ್ಟು ಅತ್ಲು. ನಾನು ಪಕ್ಕದಲ್ಲಿ ನಿಂತಿದ್ದೆ. ನನಗೆ ಅಳು ಬರಲ್ಲ. ಅಕ್ಕ ಸತ್ತಾಗಲೂ ಬರಲಿಲ್ಲ, ಜನ ಆಡ್ಕೊಂಡ್ರು. ಅವನು ನನ್ನ ಮುಖ ನೋಡಿ, "ನಿಂಗೆ ಅಳಿಸೋ ತಲೇನೇ ಇಕ್ಕಿಲ್ಲ ಕಣಮ್ಮ" ಅಂದ. ಯಾವ ಅಳಿಸೋದು ಅಂತ ನಾನು ಕೇಳಲಿಲ್ಲ.

ಕ್ಯಾಸೆಟ್ ಹಾಕಿ, ಯಾವುದನ್ನ ಒತ್ತಬೇಕೋ ಅದನ್ನ ಒತ್ತಿದ. ಮೊದಲು ನಮ್ಮತ್ತೆ ದನಿ, "ಯಾಕ್ಮಗ ದನೀನೇ ಇಲ್ವಲ್ಲ." ಆಮೇಲೆ ನಾನು, "ಸೆಲ್ಲು ಹೋಗದೇನೋ ನೋಡು." ಹಿತ್ತಲಲ್ಲಿ ಕರು ಕೂಗ್ತದೆ. ಎಲೆ ಸರಸರ ಅಂತದೆ. ಬಾಳ ಹೊತ್ತು ಏನೂ ಇಲ್ಲ. ನಾವು ಕಾದದ್ದು ಅದು. ಆಮೇಲೆ ಮಂಜಿ, "ಅವ್ವ, ಹಾಡವ್ವ." ಒಸಿ ಹೊತ್ತಿಗೆ ಮತ್ತೆ, ಸಣ್ಣದಾಗಿ, "ಹಾಡವ್ವ."

ಟಕ್ ಅಂತು. ಅಲ್ಲಿಗೆ ಅವಳು ಗುಂಡಿ ಎತ್ತಿದ್ದು.

ಅದರ ಹಿಂದೆಯೇ ಅಕ್ಕನ ದನಿ ಬಂತು. ಹಾಡಲ್ಲ. ಹಾಡು ಮುಗಿದ ಮೇಲಿನ ಮಾತು. ಹಿಂದೆ ಮದುವೆ ಮನೆ ಗಲಾಟೆ.

"ಸಾಕು ಬುಡು. ಗಂಟ್ಲು ಒಣಗೋಯ್ತು. ಒಸಿ ನೀರು ಕೊಡು ಮಗ."

ಆಮೇಲೆ ಪಾತ್ರೆ ಸದ್ದು, ಯಾರೋ ನಕ್ಕಿದ್ದು, ಓಲಗ. ಮುಗೀತು. ಉಳಿದದ್ದು ಇಷ್ಟೇ, ಇನ್ನೊಂದು ಮಗ್ಗುಲು ಮೊದಲಿಂದಲೂ ಖಾಲಿ. ಆ ಮದುವೇಲಿ ನಾನೂ ಇದ್ದೆ. ಅವಳು ಯಾವ ಮಗೀನ ನೀರು ಕೇಳಿದ್ಲೋ, ಯಾರು ಕೊಟ್ರೋ ನೆನಪಿಲ್ಲ.

ಮಂಜಿ ಕಣ್ಣೊರೆಸ್ಕೊಂಡು, "ನನ್ ದನಿ ಕತ್ತರಿಸಿ ತೆಗ್ದಾಕಿ. ಅಜ್ಜಿದೂ, ಚಿಕ್ಕವ್ವಂದೂ. ನಮ್ಮವ್ವಂದೊಂದೇ ಇರ್ಲಿ" ಅಂದ್ಲು. ಅದು ಅವನಿಗೆ ದೊಡ್ಡ ಕೆಲಸ ಅಲ್ಲ. ಬ್ಲೇಡಲ್ಲಿ ರಿಬ್ಬನ್ ಕತ್ತರಿಸಿ ತುದಿಗೆ ತುದಿ ಅಂಟಿಸೋದನ್ನ ನಾನೇ ನೋಡಿದ್ದೀನಿ, ಬೀಡಿ ಹಚ್ಚೋಷ್ಟು ಹೊತ್ತಲ್ಲಿ ಮುಗೀತಿತ್ತು.

"ನಾಳೆ ಬಾ" ಅಂದ.

ಹೋದ್ಲು. ಬ್ಲೇಡಿಲ್ಲ, ನಾಳೆ ಬಾ ಅಂದ. ಮತ್ತೆ ಹೋದ್ಲು. ಅಂಟು ತರೋಕೆ ಮೈಸೂರಿಗೆ ಹೋಗಬೇಕು, ನಾಳೆ ಬಾ. ಬ್ಲೇಡು ಮೇಜಿನ ಮೇಲೇ ಇತ್ತು. ಅಂಟೂ ಇತ್ತು. ನಾನು ಸೂರಿನ ಕೆಳಗೆ ಕೂತು ನೋಡ್ತಾನೇ ಇದ್ದೆ.

"ಯಾಕಯ್ಯ ಹುಡ್ಗೀನ ಅಲೆಸ್ತೀಯ? ಕತ್ತರಿಸಿ ಕೊಟ್ಟಾಕು" ಅಂದೆ.

ತಿರುಪುಳಿ ಕೆಳಗಿಟ್ಟ. ಈಗ ಅರ್ಧ ದಿನ ವಿವರಿಸ್ತಾನೆ ಅಂದ್ಕೊಂಡೆ. ಎಲ್ಲದಕ್ಕೂ ವಿವರ ಕೊಡೋನು ಅದೊಂದಕ್ಕೆ ಕೊಡಲಿಲ್ಲ.

ಅವಳು ಹೋದಾಗೆಲ್ಲ ಒಂದ್ಸಲ ಕ್ಯಾಸೆಟ್ ಹಾಕಿ ಕೇಳಿಸ್ತಿದ್ದ. ಎಲ್ಲಿ ಕತ್ತರಿಸಬೇಕು ಅಂತ ಗುರುತು ಹಾಕ್ಕೋಬೇಕು ಅಂತ ನೆಪ. ಹುಡುಗಿ ಕೂತು ಕೇಳೋಳು. "ಅವ್ವ, ಹಾಡವ್ವ." ಟಕ್. "ಸಾಕು ಬುಡು. ಗಂಟ್ಲು ಒಣಗೋಯ್ತು. ಒಸಿ ನೀರು ಕೊಡು ಮಗ." ಕೇಳಿ ಎದ್ದು ಬರೋಳು. ಅಳೋದು ಕಮ್ಮಿ ಆಯ್ತು. ಉಣ್ಣೋಕೆ ಶುರು ಮಾಡಿದ್ಲು.

ಅವಳಿಗೆ ಕೆ.ಆರ್. ಪೇಟೆ ಕಡೆ ಗಂಡು ಗೊತ್ತಾಯ್ತು. ಮದುವೆ ಹತ್ರ ಬಂದಾಗ ಕೊನೇ ಸಲ ಇಬ್ಬರೂ ಹೋದ್ವಿ. ಅವನು ಬ್ಲೇಡು ತೆಗೆದು, ಕಾಗದ ಬಿಚ್ಚಿ, ರಿಬ್ಬನ್ನು ಹೊರಗೆಳೆದು ಬೆರಳಿಗೆ ಸುತ್ಕೊಂಡ.

"ಕತ್ತರಿಸ್ಲಾ?"

ಮಂಜಿ ಬ್ಲೇಡು ನೋಡಿದ್ಲು.

"ಬ್ಯಾಡಿ. ಅಂಗೇ ಇರ್ಲಿ" ಅಂದ್ಲು.

ಅವನು ಪೆನ್ಸಿಲ್ ತೂರಿಸಿ ರಿಬ್ಬನ್ನು ಒಳಕ್ಕೆ ಸುತ್ತಿದ. ತಿರುಪುಳೀಲಿ ಮೇಣ ಕಿತ್ತು ಊದಿ, ಎರಡು ತೂತನ್ನೂ ಮತ್ತೆ ತೂತು ಮಾಡಿ ಅವಳ ಕೈಗೆ ಕೊಟ್ಟ. "ಭಿನ್ನವಾಗಿದ್ರೇನೇ ಇದಕ್ಕೆ ಆಯಸ್ಸು. ನಿಮ್ಮಜ್ಜಿಗೆ ಹೇಳು" ಅಂದ. ಅಷ್ಟೆ.

ಅಲ್ಲಿಂದಾಚೆಗೆ ಹೆಂಗಸರು ಬಂದು ಅಳಿಸ್ಬೇಕು ಅಂದ್ರೆ ಅತ್ತೆ ಜೋಕು ಮಾಡ್ತಿರಲಿಲ್ಲ. ಕ್ಯಾಸೆಟ್ ಇಸ್ಕೊಂಡು, "ಏನದೆ ಇದ್ರಲ್ಲಿ? ಸರ್ಯಾಗಿ ಕೇಳಿದ್ದೀಯ?" ಅನ್ನೋನು.

ಆಮೇಲೆ ಸೀಡಿ ಬಂತು. ಒಂದು ಹೊಳೆಯೋ ತಟ್ಟೆ ತಂದು ನನ್ನ ಮುಖಕ್ಕೆ ಹಿಡಿದ. "ಇದ್ರಲ್ಲಿ ತುಕ್ಕಿಲ್ಲ, ಗುಳಿ ಅವೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ. ಒಂದು ಬೆಳಕು ಓಡಾಡ್ತಾ ಗುಳಿ ಅದೆ, ಇಲ್ಲ, ಅದೆ, ಇಲ್ಲ ಅಂತ ಓದುತ್ತೆ. ಆ ಅದೆ ಇಲ್ಲದಿಂದ್ಲೇ ಹಾಡು."

"ಅಳಿಗುಳಿ ಮಣೆ ಅನ್ನು" ಅಂದೆ. "ಇದಕ್ಕೆ ಹಲ್ಲಿಲ್ವಾ?"

"ಇಲ್ಲ. ಇದು ಹುಟ್ತಾನೇ ಬೊಚ್ಚು. ಏನು ಕೊಟ್ರೂ ತಿನ್ನಲ್ಲ" ಅಂದ. ಅವನಿಗೆ ಅದು ಅಷ್ಟು ಹಿಡಿಸಲಿಲ್ಲ ಅಂತ ಕಾಣ್ತದೆ. ಬಿಚ್ಚಿ ನೋಡೋಕೆ ಏನೂ ಇರಲಿಲ್ಲ. ಕಣ್ಣೂ ಮಂಜಾಗಿತ್ತು. ಅಂಗಡಿ ಬಾಗಿಲು ಹಾಕಿ ಬೆಟ್ಟಕ್ಕೆ ವಾಪಸ್ ಹೋದ. ಹೋಗೋವಾಗ ಮಜ್ಜಿಗೆ ಕೊಡ್ಲಾ ಅಂದೆ. ಈಗ್ತಾನೆ ಕುಡ್ದೆ ಅಂದ.

ಈ ಪಿತೃಪಕ್ಷಕ್ಕೆ ಮಂಜಿ ಮನೆಗೆ ಹೋಗಿದ್ದೆ. ಅವಳೇ ಎಡೆ ಇಕ್ಕಿದ್ಲು. ನಮ್ಮತ್ತೆ ಹೋಗಿ ಕಾಲ ಆಯ್ತು, ಭಿನ್ನ ಅನ್ನೋರು ಯಾರೂ ಇಲ್ಲ. ಅನ್ನ, ಮುದ್ದೆ, ಸಾರಿನ ಪಕ್ಕ ಹಲ್ಲು ಮುರಿದ ಕ್ಯಾಸೆಟ್ಟು. ಅದನ್ನ ಹಾಕೋಕೆ ಟೇಪಿಲ್ಲ. ಇದ್ದದ್ದು ಚಕ್ರ ತಿರುಗಿಸೋ ಬೆಲ್ಟು ಸಡಿಲ ಆಗಿ ನಿಂತದೆ, ಹೊಸ ಬೆಲ್ಟು ಹಾಕೋನು ಇಲ್ಲ. ಕ್ಯಾಸೆಟ್ ಮುಂದೆ ಒಂದು ಚೊಂಬು ನೀರು. ಅದು ಪ್ರತಿ ವರ್ಷ ಇಡ್ತಾಳೆ.

ಅವನು ಹೋದ ಸುದ್ದಿ ಆಗ ಹೇಳಿದೆ. ಮಂಜಿ ಒಳಗೆ ಹೋಗಿ ಇನ್ನೊಂದು ಚೊಂಬು ತೊಳೆದು, ನೀರು ತುಂಬಿ, ಪಕ್ಕಕ್ಕೆ ತಂದಿಟ್ಲು.

ಅವನು ನಮ್ಮೋನಲ್ಲ, ನಮ್ಮ ಎಡೆಗೆ ಬರೋನಲ್ಲ ಅಂತ ಹೇಳೋಣ ಅಂದ್ಕೊಂಡೆ. ಬದುಕಿದ್ದಾಗಲೇ ನಮ್ಮ ನೀರು ಕುಡೀಲಿಲ್ಲ ಅಂತಾನೂ ಹೇಳೋಣ ಅಂದ್ಕೊಂಡೆ. ಹೇಳಲಿಲ್ಲ. ಇಟ್ಟವ್ಳೆ. ಕುಡಿದ್ರೆ ಕುಡೀಲಿ. ಇಲ್ಲ, ಈಗ್ತಾನೆ ಕುಡ್ದೆ ಅಂದ್ರೆ ಅಲ್ಲೇ ಇರ್ತದೆ, ಸಂಜೆಗೆ ದನಕ್ಕೆ ಹುಯ್ತೀನಿ.